ಮೂರು ಬಾಣಗಳು

2020ರ ಲಾಕ್‌ಡೌನ್ ಸಮಯ. ಅಂಗಡಿಗಳ ಲೆಕ್ಕ ಬರೆಯುವ ನನ್ನ ಕೆಲಸ ನಿಂತೇ ಹೋಗಿತ್ತು. "ಸುಮ್ನೆ ಕೂತ್ಕೊಳ್ಳೋ ಬದಲು ಪೈಥಾನ್ ಕಲಿ ಅಪ್ಪಾ" ಎಂದು ಬೆಂಗಳೂರಿನಿಂದ ಮಗಳು ಫೋನಿನಲ್ಲಿ ಹೇಳಿದಳು. ಪೈಥಾನ್ ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಪ್ರೋಗ್ರಾಮಿಂಗ್ ಭಾಷೆ. ಇನ್‌ಸ್ಟಾಲ್ ಮಾಡಿದೆ. ವಿಂಡೋಸ್ 10ರ ಕಮಾಂಡ್ ಪ್ರಾಂಪ್ಟ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ, ತೆರೆದು, ಪೈಥಾನ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದೆ. ಪೈಥಾನ್ ಬರಲಿಲ್ಲ, ಮೈಕ್ರೋಸಾಫ್ಟ್ ಸ್ಟೋರ್ ಎಂಬ ಆಪ್ ಅಂಗಡಿ ತೆರೆದುಕೊಂಡಿತು. ಇನ್‌ಸ್ಟಾಲ್ ಮಾಡು ಅಂತ! ಈಗ ತಾನೇ ಮಾಡಿದ್ದೆನಲ್ಲ?

"ಪಾತ್‌ಗೆ ಟಿಕ್ ಹಾಕಿದ್ಯಾ?" ಎಂದಳು ಮಗಳು.

ಯಾವ ಟಿಕ್? ಇನ್‌ಸ್ಟಾಲ್ ಕಿಟಕಿಯ ಕೆಳಗಡೆ ಒಂದು ಪುಟ್ಟ ಚೌಕ ಇತ್ತಂತೆ. ವಿಂಡೋಸ್ ಹುಡುಕುವ ಫೋಲ್ಡರುಗಳ ಪಟ್ಟಿಗೆ, ಅಂದರೆ ಪಾತ್‌ಗೆ, ಪೈಥಾನಿನ ಫೋಲ್ಡರನ್ನು ಸೇರಿಸುವುದು ಅದೇ. ನಾನು ನೋಡದೆ ಮುಂದೆ ಹೋಗಿದ್ದೆ. ತೆಗೆದು ಮತ್ತೆ ಹಾಕಿ, ಈ ಸಲ ಟಿಕ್ ಮಾಡಿದೆ. ಮತ್ತೆ ಅದೇ ಸ್ಟೋರ್.

ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಬೆಳಗ್ಗೆ ತೆರೆದಿದ್ದ ಕಪ್ಪು ಕಿಟಕಿಯನ್ನು ನಾನು ಮುಚ್ಚಿರಲೇ ಇಲ್ಲ. ಅದಕ್ಕೆ ಗೊತ್ತಿದ್ದದ್ದು ತೆರೆದಾಗಿನ ಹಳೇ ಪಾತ್ ಮಾತ್ರ. ಮುಚ್ಚಿ ಹೊಸದು ತೆರೆದೆ. ಆವೃತ್ತಿಯ ಸಂಖ್ಯೆ ಬಂತು, ಅದರ ಕೆಳಗೆ >>> ಎಂದು ಮೂರು ಬಾಣ, ಪಕ್ಕದಲ್ಲಿ ಮಿಣುಕುವ ಗೆರೆ.

ಲೆಕ್ಕದವನು ಇನ್ನೇನು ಕೇಳಿಯಾನು? 2**100 ಎಂದು ಒತ್ತಿದೆ. ಎರಡನ್ನು ನೂರು ಸಲ ಗುಣಿಸಿದ 31 ಅಂಕಿಯ ಉತ್ತರ ಥಟ್ಟನೆ ಬಂತು. ಮೇಜಿನ ಮೇಲಿದ್ದ ನನ್ನ 12 ಅಂಕಿಯ ಕ್ಯಾಲ್ಕುಲೇಟರ್ ಪಾಪ ಅನ್ನಿಸಿತು. ಆಮೇಲೆ ಸುಲಭದ್ದು ಅಂತ 0.1 + 0.2 ಹೊಡೆದೆ.

0.30000000000000004

ಮೂವತ್ತು ಪೈಸೆಗೆ ಈ ಬಾಲ ಎಲ್ಲಿಂದ ಬಂತು? ಒಂದು ಪೈಸೆ ತಾಳೆಯಾಗದಿದ್ದರೆ ರಾತ್ರಿಯೆಲ್ಲ ಪುಸ್ತಕ ತಿರುವಿದವನು ನಾನು. ಮಗಳು ನಕ್ಕಳು. ಹತ್ತನ್ನು ಮೂರರಿಂದ ಭಾಗಿಸಿದರೆ ನಮಗೆ ಮುಗಿಯದಲ್ವಾ, ಹಾಗೇ ಸೊನ್ನೆ-ಒಂದರಲ್ಲಿ ಬರೆಯುವ ಕಂಪ್ಯೂಟರಿಗೆ 0.1 ಮುಗಿಯುವುದಿಲ್ಲವಂತೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ದುಡ್ಡಿನ ಲೆಕ್ಕಕ್ಕೆ ಡೆಸಿಮಲ್ ಎಂಬ ಬೇರೆ ದಾರಿ ಇದೆ ಎಂದಳು. ಸ್ವಲ್ಪ ಸಮಾಧಾನವಾಯಿತು.

ಹೊರಬರಲು ಎಕ್ಸಿಟ್ ಎಂದು ಟೈಪ್ ಮಾಡಿದರೆ ಬಿಡಲಿಲ್ಲ. ಆವರಣ ಹಾಕು, ಇಲ್ಲವೇ ಕಂಟ್ರೋಲ್ ಝಡ್ ಒತ್ತಿ ಎಂಟರ್ ಹೊಡಿ ಎಂದು ಪಾಠ ಹೇಳಿತು. ದಾರಿ ಗೊತ್ತಿದ್ದೂ ಬಾಗಿಲು ತೆಗೆಯದ ವಾಚ್‌ಮನ್ ಥರ.

ಮರುದಿನ ಮಗಳು ಇನ್ನೊಂದು ಮಾತು ಹೇಳಿದಳು. ವಿಂಡೋಸ್‌ನಲ್ಲಿ ಪೈಥಾನ್ ಅಂತ ಪೂರ್ತಿ ಬರೆಯಬೇಕಿರಲಿಲ್ಲವಂತೆ, ಪಿ ವೈ ಎಂಬ ಎರಡಕ್ಷರ ಒತ್ತಿದ್ದರೆ ಟಿಕ್ ಇಲ್ಲದೆಯೂ ಬಾಣ ಬರುತ್ತಿತ್ತಂತೆ.

"ನಿನ್ನೆನೇ ಹೇಳ್ಬಾರ್ದಿತ್ತಾ?" ಎಂದೆ.

"ನೀನು ಕೇಳ್ಲಿಲ್ವಲ್ಲಪ್ಪಾ."