ಕಾರಂಜಾ ದಡದಲ್ಲಿ ಹೂತುಹೋದ ಬೂಟು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಓಡಿಹೋಗುತ್ತದೆ ಎನ್ನುತ್ತಾರೆ. ಬೀದರಿನಲ್ಲಿ ಅದು ಸ್ವಲ್ಪ ಹಿಂದೆ ಹಿಂದೆ ನೋಡುತ್ತ ಓಡುತ್ತದೆ. ಸಮುದ್ರ ಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ ಊರು ನಮ್ಮದು; ಹಬ್ಬ ಮುಗಿದು ವಾರವಾದರೂ ನಸುಕಿನಲ್ಲಿ ಕೌದಿ ಬೇಕು, ಮಧ್ಯಾಹ್ನಕ್ಕೆ ಮಾತ್ರ ತಲೆಗೆ ಟವೆಲ್ಲು. ಅಂಥ ದಿನಗಳಲ್ಲೇ ಅಣ್ಣನ ಮಗ ಅಮೆರಿಕದ ಮಿನ್ನೆಸೋಟದಿಂದ ರಜೆಗೆ ಬಂದ. ಮಾರ್ಚಿನಲ್ಲೇ ಯಾಕಪ್ಪಾ ಎಂದರೆ, “ಕಾಕಾ, ಬರ್ಫದ ಮೇಲಿನ ಮನೆ ತೆಗೆಯುವ ಗಡುವು ಮುಗಿಯಿತು. ಇನ್ನು ಮೇ ತಿಂಗಳವರೆಗೆ ಅಲ್ಲಿ ನನಗೆ ಕೆಲಸವಿಲ್ಲ” ಎಂದ. ನೌಕರಿ ಬೇರೆಯೇ ಇದೆ. ಅವನು ಹೇಳಿದ್ದು ಮೀನು ಹಿಡಿಯುವ ಕೆಲಸದ ಮಾತು.

ನಾನು ಮೀನು ತಿನ್ನುವವನಲ್ಲ. ಆದರೆ ನೀರಿನ ದಡದಲ್ಲಿ ಕುಳಿತು ಹಿಡಿಯುವವರನ್ನು ನೋಡುವುದು ಶಾಲೆಯ ದಿನಗಳಿಂದ ಬಂದ ಚಟ. ನಿವೃತ್ತಿಯಾದ ಮೇಲೆ ಅದಕ್ಕೆ ಅಡ್ಡಿಯೇ ಇಲ್ಲ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯವಿದೆ, ಸುಮಾರು 7.69 ಟಿಎಂಸಿ ನೀರು ಹಿಡಿಯುತ್ತದೆ. ಅದರ ಹಿನ್ನೀರಿನಲ್ಲಿ ಬಲೆ ಹಾಕುವ ಮುತ್ಯಾನೊಬ್ಬ ನನಗೆ ಪರಿಚಯ. ಒಂದು ಬೆಳಿಗ್ಗೆ ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋದೆ. ಅವನ ಕಾಲಿನಲ್ಲಿ ಹೊಸ ಬೂಟು, ಮೊಣಕಾಲಿನ ಹತ್ತಿರ ಬರುವಂಥದ್ದು.

ಮುತ್ಯಾ ಹರಿಗೋಲನ್ನು ದಡಕ್ಕೆ ತಂದು ಬಲೆಯಿಂದ ರೋಹು, ಕಾಟ್ಲಾ ಬಿಡಿಸುತ್ತಿದ್ದ. ಹೆಚ್ಚೇನೂ ಇರಲಿಲ್ಲ. “ಚಳಿ ಇರುವವರೆಗೆ ಮೀನು ತಳ ಹಿಡಿದು ಮಲಗುತ್ತದೆ ಮಾಸ್ತರರೇ, ಮೇವಿಗೆ ಬಾಯಿ ತೆರೆಯುವುದಿಲ್ಲ. ಈಗ ಈಗ ಮಧ್ಯಾಹ್ನದ ಬಿಸಿಲಿಗೆ ದಡದ ಕಡೆ ಬರತೊಡಗಿದೆ” ಎಂದ. ಹುಡುಗನಿಗೆ ಅಷ್ಟೇ ಸಾಕಾಯಿತು. “ನಮ್ಮಲ್ಲೂ ಹಾಗೆಯೇ ಮುತ್ಯಾ!” ಎಂದು ಮೊಬೈಲು ತೆಗೆದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ.

ಮುತ್ಯಾ ಕೇಳಿದ ಮೊದಲ ಪ್ರಶ್ನೆ, ಕೆರೆಗೆ ಕೆರೆಯೇ ಬರ್ಫವಾದರೆ ಮೀನು ಸಾಯುವುದಿಲ್ಲವೇ ಎಂಬುದು. ಹುಡುಗ ಚೆನ್ನಾಗಿಯೇ ಬಿಡಿಸಿ ಹೇಳಿದ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಆ ನೀರು ತಳಕ್ಕೆ ಇಳಿಯುತ್ತದೆ, ಅದಕ್ಕಿಂತ ತಣ್ಣನೆಯದು ಹಗುರವಾಗಿ ಮೇಲೆ ಉಳಿದು ಗಟ್ಟಿಯಾಗುತ್ತದೆ. ಮೇಲೆ ಬರ್ಫದ ಛಾವಣಿ, ಕೆಳಗೆ ಮೀನಿನ ಸಂಸಾರ. ಛಾವಣಿಗೆ ತೂತು ಕೊರೆದು ಗಾಳ ಇಳಿಬಿಡುವುದು ಇವರ ಕೆಲಸ. ಹೊಸದಾಗಿ ಕಟ್ಟಿದ ತಿಳಿ ಬರ್ಫ ನಾಲ್ಕು ಅಂಗುಲವಿದ್ದರೆ ನಡೆಯಬಹುದಂತೆ. ಹಿಮ ಬೆರೆತ ಬಿಳಿಯದಾದರೆ ಅದರ ದುಪ್ಪಟ್ಟು ಬೇಕು. ಇನ್ನೂ ದಪ್ಪವಾದಾಗ ಜೀಪನ್ನೇ ಓಡಿಸಿಕೊಂಡು ಹೋಗುತ್ತಾರೆ, ಚಿಕ್ಕ ಮನೆಗಳನ್ನು ಎಳೆದು ತಂದು ನಿಲ್ಲಿಸುತ್ತಾರೆ. ಆ ಮನೆಗಳನ್ನು ರಾಜ್ಯದ ದಕ್ಷಿಣ ಭಾಗದಲ್ಲಿ ಮಾರ್ಚಿನ ಮೊದಲ ಸೋಮವಾರ, ಉತ್ತರದಲ್ಲಿ ಮೂರನೆಯ ಸೋಮವಾರದ ಒಳಗೆ ತೆಗೆಯಲೇಬೇಕೆಂದು ಸರ್ಕಾರದ ಕಾನೂನು.

“ಚಳಿಗಾಲದ ಕೊನೆಯ ಬರ್ಫ ಮೋಸಗಾರ” ಎಂದ ಹುಡುಗ. ದಪ್ಪ ಅಳೆದರೆ ಒಂದು ಅಡಿ ಇರುತ್ತದೆ, ಆದರೆ ಒಳಗೊಳಗೇ ಬಿಸಿಲು ಕೆಲಸ ಮಾಡಿರುತ್ತದೆ. ಗಡ್ಡೆಯೆಲ್ಲ ಮೇಣದ ಬತ್ತಿಗಳನ್ನು ನೆಟ್ಟಗೆ ಒತ್ತಾಗಿ ಜೋಡಿಸಿಟ್ಟಂತೆ ಉದ್ದುದ್ದ ಕಡ್ಡಿಗಳಾಗಿ, ಒಂದಕ್ಕೊಂದರ ಹಿಡಿತ ತಪ್ಪಿಹೋಗಿರುತ್ತದೆ. ಅಂಥ ಒಂದು ಅಡಿಗಿಂತ ಡಿಸೆಂಬರಿನ ನಾಲ್ಕು ಅಂಗುಲವೇ ವಾಸಿ. ಮೊದಲು ಬಿಡುವುದು ದಡ. ಅಲ್ಲಿ ನೀರು ತೆಳು, ಕಪ್ಪು ನೆಲ ಬಿಸಿಲು ಹೀರುತ್ತದೆ. ನಡುವೆ ಗಟ್ಟಿಯಿದ್ದರೂ ಬೆಳಿಗ್ಗೆ ದಾಟಿ ಹೋದವನಿಗೆ ಸಂಜೆ ವಾಪಸಾಗಲು ದಾರಿ ಇರುವುದಿಲ್ಲ. ಅದಕ್ಕೇ ಕೈಯಲ್ಲೊಂದು ಹಾರೆ. ಮುಂದೆ ಕುಟ್ಟಿ ನೋಡಿ ಹೆಜ್ಜೆ ಇಡಬೇಕು. ಕೊರಳಲ್ಲಿ ದಾರ, ಅದಕ್ಕೆ ಹಿಡಿಕೆಯಿರುವ ಎರಡು ಮೊಳೆ. ಬಿದ್ದರೆ ಬರ್ಫಕ್ಕೆ ಚುಚ್ಚಿ ಮೇಲೆ ಬರಲು.

ಬರ್ಫ ಒಡೆದು ಕಡ್ಡಿ ಕಡ್ಡಿಯಾಗಿ ಅಲೆಗೆ ತೇಲುವ ಒಂದು ವಿಡಿಯೋ ತೋರಿಸಿದ. ಅದರ ಸದ್ದು! ಮುತ್ಯಾ ಮೊಬೈಲನ್ನು ಕಿವಿಗೆ ಹಿಡಿದು, “ಬಳೆಗಾರ ಮಲಾರ ಹೊತ್ತು ಬಂದಂತೆ ಇದೆಯಲ್ಲೋ” ಎಂದು ಮೂರು ಸಲ ಕೇಳಿದ. ಆಮೇಲೆ ಆ ಮೀನನ್ನು ಏನು ದರಕ್ಕೆ ಮಾರುತ್ತೀರಿ ಎಂದ. ಮಾರುವಂತಿಲ್ಲ, ಎಷ್ಟೋ ಸಲ ಹಿಡಿದು ತಿರುಗಿ ನೀರಿಗೇ ಬಿಡುತ್ತೇವೆ ಎಂದು ಹುಡುಗ ಹೇಳಿದಾಗ ಮುತ್ಯಾ ನನ್ನ ಮುಖ ನೋಡಿದ. ನಾನು ನೀರಿನ ಕಡೆ ನೋಡಿದೆ.

ಸುಮಾರು ಹನ್ನೊಂದು ಗಂಟೆಗೆ, ನೀರಿನ ಅಂಚಿನಲ್ಲಿ ಮೀನಿನ ಹಿಂಡು ಕುದಿದಂತೆ ಕಂಡಿತು. ಹುಡುಗ “ದಡಕ್ಕೆ ಬಂತು!” ಎಂದು ಎದ್ದವನೇ ಆ ಕಡೆ ಹೊರಟ. ಜಲಾಶಯದ ನೀರು ಹಿಂದೆ ಸರಿದ ಜಾಗ ಅದು. ಮೇಲೆ ಎರೆಮಣ್ಣು ಒಣಗಿ, ಬಿರುಕು ಬಿಟ್ಟು, ಹಕ್ಕಳೆ ಹಕ್ಕಳೆಯಾಗಿ ಗಟ್ಟಿ ನೆಲದಂತೆ ಕಾಣುತ್ತದೆ. ಮುತ್ಯಾ ಕೂಗುವ ಮೊದಲೇ ಇಪ್ಪತ್ತು ಹೆಜ್ಜೆ ಹಾಕಿದ್ದ. ಇಪ್ಪತ್ತೊಂದನೆಯದಕ್ಕೆ ಬಲಗಾಲು ತೊಡೆಯವರೆಗೆ ಹೋಯಿತು. ಅದನ್ನು ಎಳೆಯಲು ಎಡಗಾಲು ಊರಿದ, ಅದೂ ಹೋಯಿತು. ಹಕ್ಕಳೆಯ ಕೆಳಗೆ ಎಷ್ಟೋ ಮಳೆಗಾಲಗಳ ಹೂಳು ಅಂಬಲಿಯಂತೆ ಕುಳಿತಿತ್ತು.

ನಾನು ಓಡಹೋದೆ. ಮುತ್ಯಾ ನನ್ನ ರಟ್ಟೆ ಹಿಡಿದು ಜಗ್ಗಿ ನಿಲ್ಲಿಸಿದ. ಮಾಸ್ತರರೆಂಬ ಮರ್ಯಾದೆ ಆ ಜಗ್ಗಿನಲ್ಲಿ ಇರಲಿಲ್ಲ. “ಎದ್ದು ನಿಲ್ಲಬೇಡ ತಮ್ಮಾ, ಮಲಗು! ಬಂದ ಕಡೆಗೇ ಮೈ ಚಾಚು!” ಎಂದು ಕೂಗಿದ. ತಾನೂ ಹೊಟ್ಟೆಯ ಮೇಲೆ ಮಲಗಿ ಹರಿಗೋಲಿನ ಹುಟ್ಟನ್ನು ಮುಂದಕ್ಕೆ ತಳ್ಳಿದ. ಹುಡುಗ ಅದನ್ನು ಹಿಡಿದುಕೊಂಡು ಈಜುವವನಂತೆ ಒಂದೊಂದೇ ಕಾಲನ್ನು ಬಿಡಿಸಿಕೊಂಡ, ಉರುಳುತ್ತ ಗಟ್ಟಿ ನೆಲಕ್ಕೆ ಬಂದ. ಹತ್ತು ನಿಮಿಷವಾಗಿರಬಹುದು. ಎಡಗಾಲಿನ ಬೂಟು ಬರಲಿಲ್ಲ.

ಕುಳಿತು ಏದುಸಿರು ಬಿಡುತ್ತಲೇ ನಗತೊಡಗಿದ. “ಕಾಕಾ, ಬರ್ಫ ಒಡೆದು ಬಿದ್ದವರಿಗೆ ಅಲ್ಲಿ ಇದನ್ನೇ ಹೇಳಿಕೊಡುತ್ತಾರೆ. ಬಂದ ದಿಕ್ಕಿಗೇ ತಿರುಗು, ಮೇಲೆ ಬಂದ ಕೂಡಲೇ ನಿಲ್ಲಬೇಡ, ಉರುಳಿಕೊಂಡು ಹೋಗು ಎಂದು.”

“ಅಲ್ಲಿ ಹಾರೆಯಿಂದ ಕುಟ್ಟಿ ಕುಟ್ಟಿ ನಡೆಯುತ್ತೀಯಂತೆ. ಇಲ್ಲಿ ಯಾಕೆ ಕುಟ್ಟಲಿಲ್ಲ?” ಮುತ್ಯಾ ಕೇಳಿದ.

“ಇದು ನಮ್ಮೂರಲ್ಲವೇ ಮುತ್ಯಾ.”

ಮುತ್ಯಾನಿಗೆ ಸಿಟ್ಟು ಬಂದದ್ದು ಆಗ. ಪ್ರತಿ ಬೇಸಿಗೆ ಅಂಚಿನಲ್ಲಿ ಎಮ್ಮೆಗಳು ಸಿಕ್ಕಿಕೊಳ್ಳುತ್ತವೆ, ಅವೂ ನಮ್ಮೂರಿನವೇ ಎಂದು ಗೊಣಗಿದ. ಬಲೆ ಬಿಡಿಸಲು ಮತ್ತೆ ಕುಳಿತವನು ನನ್ನೊಡನೆಯೂ ಬಹಳ ಹೊತ್ತು ಮಾತಾಡಲಿಲ್ಲ. ಹೊರಡುವಾಗ ಮಾತ್ರ, “ಬೂಟಿನ ಚಿಂತೆ ಬೇಡ. ನೀರು ಇನ್ನೂ ಹಿಂದೆ ಹೋಗಲಿ, ನೆಲ ಆರಲಿ, ಅಗೆದು ಕೊಡುತ್ತೇನೆ” ಎಂದ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಕೆಸರು. ಮನೆ ಸೇರಿದಾಗ ಅತ್ತಿಗೆ ನನ್ನನ್ನೇ ಬೈದರು.

ಅವನು ಮರಳಿ ಹೋದ. ಏಪ್ರಿಲ್ಲಿನಲ್ಲಿ ಅಲ್ಲಿಯ ಕೆರೆಗಳು ಬಿಚ್ಚಿಕೊಂಡವು. ದಡದ ತೆಳು ನೀರು ಬೆಚ್ಚಗಾದ ಕಡೆ ಕ್ರಾಪಿ ಎಂಬ ಮೀನು ಗುಂಪುಗೂಡಿದೆ ಎಂದು ಫೋಟೋ ಕಳಿಸಿದ. ಅವರ ಮುದ್ದಿನ ಮೀನು ವಾಲೈ. ಅದನ್ನು ಹಿಡಿಯುವುದಕ್ಕೆ ಫೆಬ್ರವರಿ ಕೊನೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೇ ನಡುವಿನ ಒಂದು ಶನಿವಾರ. ಆ ಶನಿವಾರ ದೋಣಿಯಲ್ಲಿ ಕುಳಿತೇ ಫೋನು ಮಾಡಿದ. ಇಲ್ಲಿ ಕಾರಂಜಾದ ಅಂಚು ಕಾದ ಹಂಚಾಗಿತ್ತು. ಎರಡು ದಿನದ ಹಿಂದಷ್ಟೇ ಮುತ್ಯಾ ಬೂಟು ತಂದುಕೊಟ್ಟಿದ್ದ. ಒಳಗಿನ ಮಣ್ಣು ಪಾದದ ಆಕಾರದಲ್ಲಿ ಇಟ್ಟಿಗೆಯಾಗಿತ್ತು.

ಸಿಕ್ಕಿತಪ್ಪಾ ಎಂದೆ. ಆ ಕಡೆ ಸ್ವಲ್ಪ ಹೊತ್ತು ನೀರಿನ ಸದ್ದಷ್ಟೇ ಕೇಳಿಸಿತು. ಬಲಗಾಲಿನದನ್ನು ಅವನು ಹೋಗುವಾಗಲೇ ಎಸೆದಿದ್ದನಂತೆ.