ಕಂಡಿಷನರ್ ಬುಡಕ್ಕೆ ಹಚ್ಚಬಾರದು ಅಂದವರು ಯಾರು?

ಮನೆಯಲ್ಲಿರುವ ಕಂಡಿಷನರ್ ಬಾಟಲಿಯನ್ನು ಒಂದು ಸಲ ತಿರುಗಿಸಿ ನೋಡಿ. ಕೂದಲ ಉದ್ದಕ್ಕೆ ಹಚ್ಚಿ, ತುದಿಗೆ ಹಚ್ಚಿ, ಬುಡಕ್ಕೆ ಮಾತ್ರ ಬೇಡ ಅಂತ ಬರೆದಿರುವ ಸಾಧ್ಯತೆಯೇ ಜಾಸ್ತಿ. ಪಾರ್ಲರಿನವರೂ ಅದನ್ನೇ ಹೇಳುತ್ತಾರೆ. ನಾನು ಬುಡಕ್ಕೇ ಹಚ್ಚುತ್ತೇನೆ, ಬೇಕು ಅಂತಲೇ ಹಚ್ಚುತ್ತೇನೆ. ಮಾಗಿ ಚಳಿ ಶುರುವಾದ ಕೂಡಲೇ ಬರುವ ನನ್ನ ತಲೆ ತುರಿಕೆಗೆ ಇಷ್ಟು ಸುಲಭದ ಉಪಾಯ ಬೇರೆ ಸಿಕ್ಕಿಲ್ಲ. ಹಾಗಂತ ಎಲ್ಲ ತುರಿಕೆಗೂ ಇದು ನಡೆಯುವುದಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಕಡೆ ತಲೆಯಿಂದ ಬಿಳಿ ಏನು ಉದುರಿದರೂ ಅದು ಹೊಟ್ಟು. ಅಲ್ಲಿಗೆ ಮುಗಿಯಿತು. ಅತ್ತೆಗೆ ಹೇಳಿದರೆ 'ಎಣ್ಣೆ ಹಚ್ಚೇ ಮಾರಾಯ್ತಿ, ತಲೆ ಹೇಗೆ ಒಣಗಿದೆ ನೋಡು' ಅನ್ನುತ್ತಾರೆ. ಪಾರ್ಲರಿಗೆ ಹೋದರೆ ಹೊಟ್ಟಿನ ಶಾಂಪೂ ಕೈಗಿಡುತ್ತಾರೆ, ಜೊತೆಗೆ ಯಾವುದೋ ಪ್ಯಾಕೇಜಿನ ರೇಟೂ ಹೇಳುತ್ತಾರೆ. ತಮಾಷೆ ಏನಂದರೆ ಎರಡೂ ಸಲಹೆ ಸರಿಯೇ, ತಲೆಗಳು ಮಾತ್ರ ಅದಲು ಬದಲು. ನಿಜವಾಗಿ ಹೊಟ್ಟು ಇರುವವರು ವಾರಗಟ್ಟಲೆ ಎಣ್ಣೆ ತಟ್ಟಿಕೊಂಡು ಓಡಾಡುತ್ತಾರೆ. ಸುಮ್ನೆ ಚರ್ಮ ಒಣಗಿರುವವರು ಹೊಟ್ಟಿನ ಶಾಂಪೂ ಹಾಕಿ ಹಾಕಿ ಇನ್ನಷ್ಟು ಒಣಗಿಸಿಕೊಳ್ಳುತ್ತಾರೆ.

ಹೊಟ್ಟಿನ ಹಿಂದೆ ಇರುವುದು ಮಲಸೀಜಿಯಾ ಅನ್ನುವ ಯೀಸ್ಟ್, ಕಣ್ಣಿಗೆ ಕಾಣದಷ್ಟು ಸಣ್ಣ ಶಿಲೀಂಧ್ರ. ಅದು ಎಲ್ಲರ ತಲೆಯ ಮೇಲೂ ಇರುತ್ತದೆ, ಕೊಳಕು ತಲೆ ಅಂತ ನಾಚಿಕೆ ಪಡುವುದು ಏನೂ ಬೇಡ. ಚರ್ಮದಿಂದ ಒಸರುವ ಜಿಡ್ಡೇ ಅದರ ಆಹಾರ. ಅದು ಜಿಡ್ಡನ್ನು ಒಡೆದಾಗ ಉಳಿಯುವ ಕೊಬ್ಬಿನ ಆಮ್ಲಗಳು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಚರ್ಮ ಕೆರಳುತ್ತದೆ, ಬೇಗ ಬೇಗ ಪೊರೆ ಬಿಡುತ್ತದೆ. ಅಂಥ ತಲೆಗೆ ರಾತ್ರಿಯಿಡೀ ಎಣ್ಣೆ ಹಚ್ಚಿ ಬಿಡುವುದು ಅಂದರೆ ಅದಕ್ಕೆ ಬಾಳೆಎಲೆ ಹಾಕಿ ಊಟ ಬಡಿಸಿದ ಹಾಗೆ.

ಒಣ ತಲೆಯ ಕತೆ ಬೇರೆ. ಅಲ್ಲಿ ಜಿಡ್ಡೇ ಸಾಲುತ್ತಿಲ್ಲ.

ಎರಡರಲ್ಲಿ ನಿಮ್ಮದು ಯಾವುದು ಅಂತ ಗೊತ್ತಾಗಬೇಕಾದರೆ, ತಲೆಸ್ನಾನ ಮಾಡಿ ಒಂದು ದಿನ ಬಿಟ್ಟು, ಬೆಳಕಿಗೆ ಕೂತು, ಬೈತಲೆ ಹತ್ತಿರ ಉಗುರಿನಿಂದ ಮೆಲ್ಲಗೆ ಒಮ್ಮೆ ಗೀರಿ ಆ ಉಗುರನ್ನೇ ನೋಡಿ. ಹಳದಿ ಛಾಯೆಯ, ಸ್ವಲ್ಪ ಮೆತ್ತಗಿನ, ಉಗುರಿನ ಸಂದಿಗೆ ಅಂಟಿಕೊಳ್ಳುವ ಚೂರು ಬಂದರೆ ಅದು ಹೆಚ್ಚಾಗಿ ಹೊಟ್ಟು. ಹುಬ್ಬಿನ ಸಂದಿ, ಮೂಗಿನ ಪಕ್ಕ, ಕಿವಿಯ ಹಿಂದೆ ಕೂಡ ಕೆಂಪಾಗಿ ಪೊರೆ ಏಳುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಅದೇ ಸಣ್ಣ, ಬಿಳಿ, ಒಣ ಪುಡಿ ಬಂದು ಊದಿದರೆ ಹಾರಿಹೋಯಿತು, ಜೊತೆಗೆ ಕೈಕಾಲಿನ ಚರ್ಮವೂ ಬಿರಿದಿದೆ, ತಲೆಸ್ನಾನ ಆದ ಸ್ವಲ್ಪ ಹೊತ್ತಿಗೇ ನೆತ್ತಿ ಬಿಗಿದುಕೊಂಡು ತುರಿಸುತ್ತದೆ ಅಂತಾದರೆ ಅದು ಒಣಗಿದ ತಲೆ. ನನ್ನದು ಈ ಎರಡನೇ ಜಾತಿ. ಕಪ್ಪು ಚೂಡಿದಾರ ಹಾಕಿಕೊಂಡ ದಿನ ಭುಜ ಕೊಡವಿಕೊಳ್ಳುವುದೇ ಒಂದು ಕೆಲಸ.

ಶುರುವಾಗಿದ್ದು ಶಿವಮೊಗ್ಗಕ್ಕೆ ಬಂದ ಮೇಲೆ. ತವರು ತೀರ್ಥಹಳ್ಳಿ ಕಡೆ, ಅಲ್ಲಿ ಬಾವಿ ನೀರು, ಒಂದು ಚಿಟಿಕೆ ಸೋಪಿಗೂ ಬೇಕಾದಷ್ಟು ನೊರೆ. ಇಲ್ಲಿ ಬಾಡಿಗೆ ಮನೆಯಲ್ಲಿ ಬೋರ್‌ವೆಲ್ ನೀರು. ನಲ್ಲಿಯ ಮೂತಿಗೆ, ಬಕೆಟ್ಟಿನ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಕುಡಿಯುವುದಕ್ಕೆ ಮಾತ್ರ ನಗರಪಾಲಿಕೆಯ ತುಂಗೆ ನೀರು ಹಿಡಿದಿಡುತ್ತೇವೆ. ಹಿರಿಯರು ಗಂಗಾ ಸ್ನಾನ ತುಂಗಾ ಪಾನ ಅಂದರು, ನಮ್ಮದು ಬೋರ್ ಸ್ನಾನ ತುಂಗಾ ಪಾನ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಒಂಥರಾ ಮಡ್ಡಿಯಾಗಿ ಚರ್ಮಕ್ಕೆ, ಕೂದಲಿಗೆ ಅಂಟಿಕೊಳ್ಳುತ್ತದೆ. ನಮ್ಮನೆಯವರು ಮೈಸೋಪನ್ನೇ ತಲೆಗೂ ಉಜ್ಜುವ ಜಾತಿ, ಅವರಿಗೂ ತುರಿಕೆ ಶುರು. ಹುಳಿ, ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಚರ್ಮದ್ದು 5.5ರ ಆಸುಪಾಸು, ಅಂದರೆ ತುಸು ಹುಳಿ; ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರ, ಅದು ಚರ್ಮಕ್ಕೆ ಆಗಿಬರುವುದಿಲ್ಲ. 'ಇಷ್ಟು ವರ್ಷ ಏನೂ ಆಗಿಲ್ಲ ಮಾರಾಯ್ತಿ' ಅಂತ ತಲೆ ಕೆರೆದುಕೊಳ್ಳುತ್ತಲೇ ವಾದ ಮಾಡುತ್ತಾರೆ.

ನೀರೊಂದನ್ನೇ ಬೈದರೆ ಆಗಲಿಲ್ಲ. ಬಿಸಿ ಕೂಡ ಇದೆ. ಸಾಗರದ ಕಡೆ ಅತ್ತೆ ಮನೆಯಲ್ಲಿ ಅಡಿಕೆ ಕೊಯ್ಲು, ಸುಲಿತದ ದಿನಗಳಲ್ಲಿ ಮೈಮೇಲೆಲ್ಲ ಧೂಳು, ಹಾಗಾಗಿ ದಿನಾ ಸಂಜೆ ತಲೆಸ್ನಾನ. ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುರುಕಿ ಬಿಟ್ಟಿರುತ್ತಾರೆ, ಹಂಡೆ ನೀರು ಕೊತಕೊತ ಅನ್ನುತ್ತಿರುತ್ತದೆ, ಚಳಿಯಲ್ಲಿ ಅದನ್ನು ತಲೆ ಮೇಲೆ ಸುರಿದುಕೊಳ್ಳುವ ಸುಖವನ್ನು ಮಲೆನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಬಿಸಿ ಜಾಸ್ತಿ ಆದಷ್ಟೂ ಚರ್ಮದ ಜಿಡ್ಡು ಬೇಗ ಕರಗಿ ಹೋಗುತ್ತದೆ. ಅದರ ಮೇಲೆ ನೊರೆ ಉಕ್ಕುವ ಶಾಂಪೂ, ಅದೂ ದಿನಾ. ಬಹಳಷ್ಟು ಶಾಂಪೂಗಳಲ್ಲಿ ಕೊಳೆ ತೆಗೆಯುವ ಕೆಲಸ ಮಾಡುವುದು ಸೋಡಿಯಂ ಲಾರೆತ್ ಸಲ್ಫೇಟ್ ಥರದ ವಸ್ತು. ಕೊಳೆ ಯಾವುದು, ಚರ್ಮಕ್ಕೆ ಬೇಕಾದ ಜಿಡ್ಡು ಯಾವುದು ಅಂತ ಅದಕ್ಕೇನು ಗೊತ್ತು? ಎರಡನ್ನೂ ಒಯ್ಯುತ್ತದೆ.

ಈಗ ಕಂಡಿಷನರ್ ವಿಷಯ. ಬಾಟಲಿಯ ಹಿಂದಿನ ಪಟ್ಟಿಯನ್ನು ಒಮ್ಮೆ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ. ನೀರು ಆದ ಮೇಲೆ ಸಾಮಾನ್ಯವಾಗಿ ಸೀಟೈಲ್ ಆಲ್ಕೋಹಾಲ್, ಸ್ಟಿಯರಿಲ್ ಆಲ್ಕೋಹಾಲ್, ಅಥವಾ ಎರಡೂ ಸೇರಿದ ಸೀಟಿಯರಿಲ್ ಆಲ್ಕೋಹಾಲ್ ಅಂತ ಇರುತ್ತದೆ. ಆಲ್ಕೋಹಾಲ್ ಅಂದ ಕೂಡಲೇ ಒಣಗಿಸುತ್ತದೆ ಅಂತ ಹೆದರಬೇಡಿ, ಇವು ಮೇಣದ ಥರದ ಮೆತ್ತನೆ ಕೊಬ್ಬಿನ ವಸ್ತುಗಳು. ಕೈಕಾಲಿಗೆ ಹಚ್ಚುವ ಲೋಶನ್ನಿನಲ್ಲೂ ಇವೇ ಇರುತ್ತವೆ. ಗ್ಲಿಸರಿನ್ ಇದ್ದರೆ ಅದು ನೀರನ್ನು ಹಿಡಿದಿಡುತ್ತದೆ. ಇನ್ನು ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್ ಅಥವಾ ಸೆಟ್ರಿಮೋನಿಯಂ ಕ್ಲೋರೈಡ್ ಅಂತ ಒಂದು ಉದ್ದ ಹೆಸರು. ಇದಕ್ಕೆ ಧನ ವಿದ್ಯುದಂಶ, ಹಾಳಾದ ಕೂದಲಿಗೆ ಋಣ, ಹಾಗಾಗಿ ಹೋಗಿ ಅಂಟಿಕೊಳ್ಳುತ್ತದೆ. ಕೂದಲು ನುಣುಪಾಗುವುದು ಇದರಿಂದಲೇ. ಇದೇ ವಸ್ತು ಅಷ್ಟಿಷ್ಟು ಕೊಳೆಯನ್ನೂ ತೆಗೆಯುತ್ತದೆ, ಆದರೆ ಶಾಂಪೂ ಥರ ಎಲ್ಲವನ್ನೂ ಬಳಿದುಕೊಂಡು ಹೋಗುವುದಿಲ್ಲ. ಶಾಂಪೂ ಬಿಟ್ಟು ಬರೀ ಕಂಡಿಷನರಿನಲ್ಲಿ ತಲೆ ತೊಳೆಯುವವರು, ಅದರಲ್ಲೂ ಗುಂಗುರು ಕೂದಲಿನವರು, ಎಷ್ಟೋ ಜನ ಇದ್ದಾರೆ.

ಮತ್ತೆ ಬಾಟಲಿಯಲ್ಲಿ ಬೇಡ ಅಂತ ಯಾಕೆ ಬರೆಯುತ್ತಾರೆ? ಕೂದಲು ತೆಳು ಇದ್ದರೆ, ತಲೆ ಜಿಡ್ಡಾಗಿದ್ದರೆ, ಬುಡಕ್ಕೆ ಹಚ್ಚಿದಾಗ ಕೂದಲು ತಲೆಗೆ ಮೆತ್ತಿಕೊಂಡು ಕೂರುತ್ತದೆ. ಚೆಂದ ಕಾಣುವುದಿಲ್ಲ. ಬಹುಪಾಲು ಅದು ಚೆಂದದ ಪ್ರಶ್ನೆಯೇ ಹೊರತು ಅಪಾಯದ್ದಲ್ಲ.

ನಮ್ಮ ಹಳೇ ಪದ್ಧತಿಯಲ್ಲಿ ಬುಡ, ತುದಿ ಅನ್ನುವ ಭೇದವೇ ಇರಲಿಲ್ಲ. ಅತ್ತೆ ಈಗಲೂ ದಾಸವಾಳ ಸೊಪ್ಪಿನ ಗೊಂಪು ಮಾಡುತ್ತಾರೆ. ಹಿತ್ತಿಲಿನಿಂದ ಎಲೆ ಕೊಯ್ದು ತಂದು, ಅಗಲ ಪಾತ್ರೆಯ ನೀರಿನಲ್ಲಿ ಎರಡೂ ಕೈ ಹಾಕಿ ಕಿವುಚುತ್ತಾರೆ. ಮೊದಲು ಬರೀ ಹಸಿರು ನೀರು. ಕಿವುಚುತ್ತಾ ಹೋದ ಹಾಗೆ ನೀರು ದಪ್ಪವಾಗಿ, ಕೈ ಮೇಲೆತ್ತಿದರೆ ಬೆರಳಿನಿಂದ ಎಳೆ ಎಳೆಯಾಗಿ ಇಳಿಯುತ್ತದೆ. ಬಟ್ಟೆಯಲ್ಲಿ ಸೋಸಲೇಬೇಕು. ಇಲ್ಲದಿದ್ದರೆ ಮಾರನೇ ದಿನ ಬಾಚಣಿಗೆಯಲ್ಲಿ ಸೊಪ್ಪಿನ ಚೂರೇ ಬರುತ್ತದೆ. ಅದಕ್ಕೆ ಸೀಗೆಪುಡಿ ಸೇರಿಸಿ ನೆತ್ತಿಗೇ ಸುರಿದು ತಿಕ್ಕುತ್ತಾರೆ. ಸೀಗೆ ಒಂದೇ ಆದರೆ ತಲೆ ಒಣಗುತ್ತದೆ ಅಂತ ಅವರಿಗೆ ಗೊತ್ತು, ಗೊಂಪು ಅದಕ್ಕೇ. ಸೀಗೆಯಲ್ಲಿ ನೊರೆ ಕೊಡುವ ಸಪೋನಿನ್ ಇದೆ, ಕೊಳೆ ತೆಗೆಯುವುದು ಅದು. ಸೊಪ್ಪಿನ ಲೋಳೆ ನೀರು ಹಿಡಿದು ಚರ್ಮದ ಮೇಲೆ ಹರಡಿಕೊಳ್ಳುತ್ತದೆ. ನಿಮಗೆ ಹಿತ್ತಿಲಿದ್ದರೆ, ಕಿವುಚುವ ಪುರಸೊತ್ತು ಇದ್ದರೆ, ಕಂಡಿಷನರ್ ತರುವ ಕೆಲಸವೇ ಇಲ್ಲ. ನಮ್ಮ ಬಾಡಿಗೆ ಮನೆ ಹತ್ತಿರ ಇರುವುದು ಒಂದೇ ದಾಸವಾಳದ ಗಿಡ, ಅದೂ ಪಕ್ಕದ ಕಾಂಪೌಂಡಿನಲ್ಲಿ. ಪೂಜೆಗೆ ಹೂ ಕೊಯ್ದರೇ ಮುಖ ಊದಿಸುತ್ತಾರೆ, ಇನ್ನು ಸೊಪ್ಪು ಕೇಳುವುದುಂಟಾ?

ಹಾಗಾಗಿ ಇಲ್ಲಿನ ದುರ್ಗಿಗುಡಿ ಪೇಟೆಯಲ್ಲಿ ಸಿಗುವ ಬಾಟಲಿಯೇ ಗತಿ. ಆರಿಸುವಾಗ ವಾಸನೆ ಜಾಸ್ತಿ ಇರುವುದು ಬೇಡ, ಕೆರಳಿದ ಚರ್ಮಕ್ಕೆ ಸುಗಂಧ ಆಗುವುದಿಲ್ಲ. ಪಟ್ಟಿಯಲ್ಲಿ ಮೇಲೆಯೇ ಡೈಮೆಥಿಕೋನ್ ಇದ್ದರೂ ನಾನು ಬಿಡುತ್ತೇನೆ. ಅದು ಸಿಲಿಕೋನ್, ಕೂದಲಿಗೆ ಹೊಳಪು ಕೊಡುತ್ತದೆ, ಆದರೆ ಶಾಂಪೂ ಕಮ್ಮಿ ಹಾಕುವವರ ತಲೆಯಲ್ಲಿ ಪದರ ಕಟ್ಟುತ್ತದೆ. ಮೊದಲ ಸಲಕ್ಕೆ ಸ್ಯಾಶೆ ತಂದರೆ ಸಾಕು. ಅದನ್ನು ಬಚ್ಚಲಿಗೆ ಹೋಗುವ ಮುಂಚೆಯೇ ಕತ್ತರಿಸಿಟ್ಟುಕೊಳ್ಳಿ, ಒದ್ದೆ ಕೈಯಲ್ಲಿ ಹರಿಯಲಾಗದೆ ಹಲ್ಲು ಹಾಕಿ ಬಾಯಿಗೆ ಚಿಮ್ಮಿಸಿಕೊಳ್ಳುವ ಕರ್ಮ ಯಾಕೆ.

ಕೂದಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ನೆನೆಸಿ. ಕಂಡಿಷನರನ್ನು ಬೆರಳ ತುದಿಗೆ ತೆಗೆದುಕೊಂಡು, ಬೈತಲೆ ತೆಗೆದ ಹಾಗೆ ಅಲ್ಲಲ್ಲಿ ಕೂದಲು ಬಿಡಿಸಿ, ನೇರ ಚರ್ಮಕ್ಕೇ ಹಚ್ಚಿ. ಕೂದಲ ಮೇಲೆ ಮೇಲೆ ಸವರಿದರೆ ಚರ್ಮಕ್ಕೆ ಏನೂ ತಲುಪುವುದಿಲ್ಲ. ಜಡೆ ದಪ್ಪ ಇರುವವರು ಅರ್ಧ ಲೋಟ ನೀರಿನಲ್ಲಿ ಕದಡಿ ಬುಡಕ್ಕೆ ಸುರಿದುಕೊಳ್ಳಬಹುದು. ಉಗುರು ತಾಗಿಸದೆ ಬೆರಳಿನ ಮೆತ್ತನೆ ಭಾಗದಿಂದ ತಿಕ್ಕಿ. ಕಿವಿ ಹಿಂದೆ, ಹೆಕ್ಕತ್ತಿನ ಹತ್ತಿರ ಮರೆಯಬೇಡಿ. ಎರಡು ಮೂರು ನಿಮಿಷ ಬಿಟ್ಟು ತೊಳೆಯಿರಿ, ಹಚ್ಚಿದ್ದಕ್ಕಿಂತ ಜಾಸ್ತಿ ಹೊತ್ತು ತೊಳೆಯಿರಿ. ಒಳ್ಳೆಯದು ಅಂತ ರಾತ್ರಿಯಿಡೀ ಬಿಟ್ಟುಕೊಳ್ಳುವುದು ಬೇಡ. ಇದು ತೊಳೆಯುವುದಕ್ಕೆ ಅಂತಲೇ ಮಾಡಿದ ವಸ್ತು, ಚರ್ಮದ ಮೇಲೆ ಉಳಿದರೆ ಅದರಿಂದಲೇ ತುರಿಕೆ ಬರಬಹುದು.

ನಾನು ಚಳಿಗಾಲದಲ್ಲಿ ಒಂದು ಸಲ ಶಾಂಪೂ ಹಾಕಿದರೆ ಮುಂದಿನ ಸಲ ಬರೀ ಕಂಡಿಷನರ್. ಶಾಂಪೂ ಹಾಕಿದ ದಿನ ಕೂಡ ಕೊನೆಗೆ ಬುಡಕ್ಕೆ ಒಂದು ಸುತ್ತು ಕಂಡಿಷನರ್ ಆಗುತ್ತದೆ. ಎಣ್ಣೆ ಹಚ್ಚಿದ ದಿನ ಮಾತ್ರ ಶಾಂಪೂ ಬೇಕೇ ಬೇಕು, ಕಂಡಿಷನರಿಗೆ ಅಷ್ಟು ಎಣ್ಣೆ ತೆಗೆಯುವ ತಾಕತ್ತಿಲ್ಲ. ತೊಳೆದ ದಿನವೇ ಬಿಗಿತ ಕಮ್ಮಿಯಾಗುತ್ತದೆ. ಪುಡಿ ಉದುರುವುದು ನಿಲ್ಲುವುದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಹೊಟ್ಟಿನವರಿಗೆ ಇದರಿಂದ ಉಪಯೋಗ ಇಲ್ಲ. ಅವರಿಗೆ ಆ ಯೀಸ್ಟನ್ನು ತಡೆಯುವ ಕೀಟೋಕೊನಜೋಲ್ 2% ಶಾಂಪೂ ಥರದ್ದು ಬೇಕು, ಅದನ್ನೂ ಹಚ್ಚಿದ ಕೂಡಲೇ ತೊಳೆಯದೆ ಮೂರರಿಂದ ಐದು ನಿಮಿಷ ಬಿಡಬೇಕು. ಮಳೆಗಾಲದಲ್ಲಿ ಒದ್ದೆ ತಲೆಗೇ ತುರುಬು ಕಟ್ಟಿ ಅದರ ಮೇಲೆ ಹೆಲ್ಮೆಟ್ ಏರಿಸುವವರು ಈ ಸಾಲನ್ನು ಇನ್ನೊಂದು ಸಲ ಓದಿ. ಶಾಲೆಗೆ ಹೋಗುವ ಮಕ್ಕಳು ಕಿವಿ ಹಿಂದೆ, ಕತ್ತಿನ ಮೇಲೆ ಕೆರೆದುಕೊಳ್ಳುತ್ತಿದ್ದರೆ ಮೊದಲು ಹೇನು, ಸೀರು ನೋಡಿ. ಹೇರ್ ಡೈ ಹಚ್ಚಿದ ಮೇಲೆ ಹಣೆಯಂಚು ಉರಿದು ತುರಿಸಿದರೆ ಡೈ ನಿಲ್ಲಿಸಿ. ಅದರಲ್ಲಿರುವ ಪಿಪಿಡಿ ಅನ್ನುವ ಬಣ್ಣದ ವಸ್ತು ಹಲವರಿಗೆ ಅಲರ್ಜಿ, ಕಪ್ಪು ಮೆಹಂದಿ ಅಂತ ಮಾರುವ ಎಷ್ಟೋ ಪುಡಿಗಳಲ್ಲೂ ಅದು ಇರುತ್ತದೆ. ದಪ್ಪ ಬೆಳ್ಳಿ ಬಣ್ಣದ ಪೊರೆ, ರಸಿಕೆ, ಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರುವುದು, ಇವು ಯಾವುದಿದ್ದರೂ ಮನೆಮದ್ದು ಬದಿಗಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ.

ಇನ್ನೊಂದು. ಕಂಡಿಷನರ್ ಬಿದ್ದ ನೆಲ ವಿಪರೀತ ಜಾರುತ್ತದೆ, ಹಳೇ ಮನೆಯ ಬಚ್ಚಲು ಕಲ್ಲಿಗೆ ಪಾಚಿ ಬೇರೆ ಇರುತ್ತದೆ. ವಯಸ್ಸಾದವರು ಸ್ನಾನಕ್ಕೆ ಹೋಗುವ ಮುಂಚೆ ನೀವೇ ನಾಲ್ಕು ಚೊಂಬು ಬಿಸಿನೀರು ಸುರಿದು, ಹಿಡಿಸುಡಿಯಲ್ಲಿ ಒಮ್ಮೆ ತಿಕ್ಕಿ ಬನ್ನಿ.