ಮಾತು ಬರಲಿ ಎಂದು ಕಾಯುತ್ತ ಕೂರಬೇಡಿ

ಎರಡು ವರ್ಷವಾದರೂ ಮಗು ಮಾತಾಡುತ್ತಿಲ್ಲ ಎಂದರೆ ಮನೆಯ ಹಿರಿಯರ ಸಮಾಧಾನ ಒಂದೇ: "ಅವರಪ್ಪನೂ ತಡವಾಗೇ ಮಾತಾಡಿದ್ದು, ಬರುತ್ತೆ ಬಿಡು." ಕೆಲವು ಮಕ್ಕಳಿಗೆ ಮಾತು ತಡವಾಗುವುದು ನಿಜ. ಆದರೆ ಬರೀ ಮಾತು ತಡವಾದ ಮಗು ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೆ, ಆಕಾಶದಲ್ಲಿ ವಿಮಾನ ಕಂಡರೆ ನಿಮ್ಮ ಮುಖವನ್ನೂ ನೋಡುತ್ತದೆ. ಆಟಿಸಂ, ಅಂದರೆ ಬೇರೆಯವರೊಂದಿಗೆ ಬೆರೆಯುವ, ಸಂವಹನ ನಡೆಸುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ ಇರುವ ಮಗು ಎಷ್ಟೋ ಸಲ ನಿಮ್ಮ ಕೈಯನ್ನೇ ಎಳೆದು ಬಿಸ್ಕತ್ತಿನ ಡಬ್ಬಿಯ ಮೇಲಿಡುತ್ತದೆ, ಮುಖ ನೋಡುವುದಿಲ್ಲ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರಿಸದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಆ ವಾರವೇ ತಪಾಸಣೆಗೆ ಹೊರಡಿ.

ಮೊದಲು ಕಿವಿ. ಕಿವಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ, ಹಾಗಾಗಿ ಶಬ್ದಕ್ಕೆ ಕಿವಿಯ ನರ, ಮೆದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಬೇರಾ (BERA) ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಶ್ರವಣ, ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಡಿಇಐಸಿ ಕೇಂದ್ರವನ್ನು ಕೇಳಿ. ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಆಟಿಸಂ ಇದೆಯೆಂದು ಹೇಳಲಾರದು. ಮಗುವನ್ನು ಗಮನಿಸಿ, ನಿಮ್ಮನ್ನು ಕೇಳಿ ತೀರ್ಮಾನಿಸುತ್ತಾರೆ. ಹೊಸ ಕೋಣೆಯಲ್ಲಿ ಮಗು ಮನೆಯಲ್ಲಿದ್ದಂತೆ ಇರುವುದಿಲ್ಲವಾದ್ದರಿಂದ ಅದು ಊಟ ಮಾಡುವುದು, ಒಬ್ಬನೇ ಆಡುವುದು, ಕರೆದಾಗ ಏನು ಮಾಡುತ್ತದೆಂಬುದು, ಇವನ್ನು ಮೊಬೈಲಿನಲ್ಲಿ ಎರಡೆರಡು ನಿಮಿಷ ತೆಗೆದುಕೊಂಡು ಹೋಗಿ.

ಅಪಾಯಿಂಟ್‌ಮೆಂಟ್ ಸಿಗುವುದಕ್ಕೆ ತಿಂಗಳುಗಟ್ಟಲೆ ಆಗಬಹುದು. ಅಲ್ಲಿಯವರೆಗೆ ಮನೆಯಲ್ಲಿ, ಚಿತ್ರ ಕೊಟ್ಟು ಬೇಕಾದ್ದನ್ನು ಕೇಳುವುದನ್ನು ಕಲಿಸಲು ಶುರು ಮಾಡಿ. ಮಗುವಿಗೆ ತುಂಬ ಇಷ್ಟವಾದ ಒಂದು ವಸ್ತು ಸಾಕು, ಬಿಸ್ಕತ್ತು ಎಂದಿಟ್ಟುಕೊಳ್ಳೋಣ. ಅದು ದಿನಾ ತಿನ್ನುವ ಬಿಸ್ಕತ್ತಿನದೇ ಫೋಟೊ ತೆಗೆದು, ಅಂಗೈಯಗಲ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿ. ಒಬ್ಬರು ಬಿಸ್ಕತ್ತು ಹಿಡಿದು ಎದುರು ಕೂರಬೇಕು, ಇನ್ನೊಬ್ಬರು ಮಗುವಿನ ಹಿಂದೆ. ಮಗು ಬಿಸ್ಕತ್ತಿಗೆ ಕೈ ಚಾಚಿದಾಗ ಹಿಂದಿನವರು ಮೆಲ್ಲಗೆ ಅದರ ಕೈಯಿಂದಲೇ ಚಿತ್ರ ಎತ್ತಿಸಿ ಎದುರಿನವರಿಗೆ ಕೊಡಿಸಲಿ, ಬಾಯಿಬಿಡದೆ. ಎದುರಿನವರು ಚಿತ್ರ ಕೈಗೆ ಬಂದ ಕ್ಷಣವೇ "ಬಿಸ್ಕತ್ತು" ಎಂದು ಹೇಳಿ ಒಂದು ಚೂರು ಕೊಡಲಿ. ಇಡೀ ಬಿಸ್ಕತ್ತು ಕೊಟ್ಟರೆ ಮತ್ತೆ ಕೇಳುವ ಅಗತ್ಯವೇ ಬರುವುದಿಲ್ಲ. ದಿನ ಕಳೆದಂತೆ ಕೈಹಿಡಿತ ಸಡಿಲಿಸುತ್ತ ಬನ್ನಿ. ಮಗು ತಾನೇ ಚಿತ್ರ ತಂದುಕೊಟ್ಟ ಮೇಲೆ ಎರಡನೆಯದು, ಮೂರನೆಯದು.

ಇದು ಕೈಕೊಡುವುದು ಹೆಚ್ಚಾಗಿ ಎರಡು ಕಡೆ. "ಬಾಯಲ್ಲಿ ಹೇಳು, ಆಮೇಲೆ ಕೊಡ್ತೀನಿ" ಎಂದು ಹಟ ಹಿಡಿದರೆ ಚಿತ್ರಕ್ಕೆ ಬೆಲೆಯಿಲ್ಲವೆಂದು ಮಗು ಕಲಿಯುತ್ತದೆ. ಚಿತ್ರವನ್ನು ಫ್ರಿಡ್ಜಿನ ಮೇಲೆ ಇಟ್ಟರೆ, ಬೇಕಾದಾಗ ಅದಕ್ಕೆ ಎಟುಕುವುದೇ ಇಲ್ಲ. ಚಿತ್ರ ಬಳಸಿದರೆ ಮಾತು ಬಾರದೇ ಹೋಗುತ್ತದೆ ಎನ್ನುವ ಭಯ ಬಿಡಿ. ಸಂಶೋಧನೆಗಳಲ್ಲಿ ಹಾಗೆ ಕಂಡಿಲ್ಲ, ಕೆಲವು ಮಕ್ಕಳಿಗೆ ಮಾತು ಹೆಚ್ಚಿದೆ ಕೂಡ. ಮಾತೇ ಬಾರದಿದ್ದರೂ ಹೊಟ್ಟೆನೋವು ಎಂದು ತೋರಿಸಲು ಬರುವ ಮಗುವಿಗೆ ತಲೆ ಚಚ್ಚಿಕೊಳ್ಳುವ ಸ್ಥಿತಿ ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಥೆರಪಿಯ ಮೊದಲ ಗುರಿ ಇದೇ.

ಸ್ಪೀಚ್ ಥೆರಪಿಸ್ಟ್ ಅಥವಾ ವಿಶೇಷ ಶಿಕ್ಷಕರನ್ನು ಆರಿಸುವಾಗ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಬಾಗಿಲು ಮುಚ್ಚಿ, ಒಳಗೆ ಏನು ನಡೆಯಿತೆಂದು ಹೇಳದ ಕಡೆ ಮಗುವನ್ನು ಬಿಡಬೇಡಿ. "ಪೂರ್ತಿ ಗುಣ ಮಾಡ್ತೀವಿ" ಎಂದವರಿಂದ ಎದ್ದು ಬನ್ನಿ. ಸ್ಟೆಮ್‌ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕಟ್ಟಿಸಿಕೊಳ್ಳುವವರಿದ್ದಾರೆ. ಆಟಿಸಂಗೆ ಆ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಲಸಿಕೆ ತಪ್ಪಿಸಬೇಡಿ.

ಇನ್ನು ಕಾಗದಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ನೆರವಾಗುತ್ತಾರೆ. ಆಟಿಸಂ ಎಷ್ಟಿದೆಯೆಂದು ಅಳೆಯುವುದು ಇಸಾ (ISAA) ಎಂಬ ಮಾಪಕದಿಂದ: 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಬಹುತೇಕ ಸೌಲಭ್ಯಗಳಿಗೆ ವೈಕಲ್ಯ ಕನಿಷ್ಠ ಶೇ. 40 ಎಂದು ಪ್ರಮಾಣಪತ್ರದಲ್ಲಿ ಇರಬೇಕು. ಅಳೆಯುವ ದಿನ ಅಭಿಮಾನಕ್ಕೆ ಬಿದ್ದು "ಎಲ್ಲಾ ತಾನೇ ಮಾಡ್ಕೋತಾನೆ" ಎಂದುಬಿಡುವ ತಂದೆತಾಯಿ ತುಂಬ ಜನ. ನೀವು ಪಕ್ಕದಲ್ಲಿ ನಿಂತು ಹತ್ತು ಸಲ ಹೇಳಿದ ಮೇಲೆ ಹಲ್ಲುಜ್ಜಿದರೆ ಅದು ತಾನೇ ಮಾಡಿದ್ದಲ್ಲ, ಇದ್ದದ್ದನ್ನು ಇದ್ದಂತೆ ಹೇಳಿ. ನಂತರ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಮಾಡಿಸಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಸೇರುತ್ತದೆ. ಮೊದಲು ಕೈಯಿಂದ ಕಟ್ಟಿ ಆಮೇಲೆ ಪಡೆಯುವುದರಿಂದ ಪ್ರತಿ ಬಿಲ್ಲನ್ನೂ ತೆಗೆದಿಡಿ.

ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನು ಪಾಲಕರಾಗಿ ಮುಂದುವರಿಯುವುದಿಲ್ಲ. ಬ್ಯಾಂಕಿನಲ್ಲಿ, ಆಸ್ತಿ ವಿಚಾರದಲ್ಲಿ ಆಗಲೇ ತೊಡಕು ಶುರುವಾಗುವುದು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಎಲ್ಲರಿಗೂ ಅದು ಬೇಕಿಲ್ಲ. ಮಾತಿನಲ್ಲೋ ಟೈಪ್ ಮಾಡಿಯೋ ಚಿತ್ರ ತೋರಿಸಿಯೋ ತನ್ನ ತೀರ್ಮಾನ ತಾನೇ ತಿಳಿಸಬಲ್ಲ ಮಗ ಅಥವಾ ಮಗಳಿದ್ದರೆ, ಅರ್ಜಿ ಬರೆಯುವ ಮುಂಚೆ ಅವರನ್ನೇ ಕೂರಿಸಿಕೊಂಡು ಕೇಳಿ.